ಬಸುರಿ ಮೀನಿನ ಕೋಣೆಯ ದೀಪ

ದೊಡ್ಡಗಾಜನೂರಿನ ಮಾದೇವಮ್ಮ ಎಷ್ಟು ಹೆರಿಗೆ ಮಾಡಿಸಿದ್ದಾಳೆ ಎಂದು ಕೇಳಿದರೆ ಅವಳೇ ಹೇಳಲಾರಳು. ಹೆಣ್ಣುಮಕ್ಕಳದ್ದಾಯಿತು, ಎಮ್ಮೆ ಹಸುವಿನದ್ದಾಯಿತು, ಒಂದು ಸಲ ತಾಳವಾಡಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲೇ ಒಂದಾಯಿತು. ಮೀನಿನ ಹೆರಿಗೆ ಮಾತ್ರ ಅವಳ ಕೈಗೆ ಬಂದದ್ದು ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳಲ್ಲಿ. ತಂದವಳು ಬೇರೆ ಯಾರೂ ಅಲ್ಲ, ಹೆತ್ತ ಮಗಳು ಪರಿಮಳ.

ಪರಿಮಳ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಊರಿನವರು ಕೇಳಿದರೆ ಅವಳ ಅಪ್ಪ ದೊಡ್ಡಮಾದ "ಡಾಕ್ಟ್ರಿಗೆ ಓದ್ತಾವ್ಳೆ" ಎನ್ನುತ್ತಿದ್ದ. ಯಾವ ಡಾಕ್ಟ್ರು ಎಂದರೆ "ಮೀನಿನ ಡಾಕ್ಟ್ರು" ಎನ್ನುತ್ತಿದ್ದ. ಕೇಳಿದವರು ನಕ್ಕರೆ ಅವನಿಗೆ ಮೂಗಿನ ಮೇಲೆ ಸಿಟ್ಟು. ಆದರೆ ಮಗಳು ಬಸ್ಸಿನಿಂದ ಇಳಿದು ಬಕೆಟ್ಟಿನ ಮುಚ್ಚಳ ತೆಗೆದಾಗ ಅವನೇ ತಡೆಯಲಾರದೆ ಅಂದುಬಿಟ್ಟ.

"ಇದೇನವ್ವ, ಎಲ್ಲಾ ಸೇರ್ಸಿದ್ರೂ ಒಂದು ಸಾರಿಗೆ ಸಾಲಲ್ವಲ್ಲ!"

ಬಕೆಟ್ಟಿನಲ್ಲಿ ಹತ್ತು ಮೀನು. ಒಂದೊಂದೂ ಕಿರುಬೆರಳಿಗಿಂತ ಚಿಕ್ಕದು, ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಪಟ್ಟೆ. ಐದು ಗಂಡು, ಎರಡು ಸಾಧಾರಣ ಹೆಣ್ಣು. ಉಳಿದ ಮೂರು ಹೆಣ್ಣಿನ ಮೇಲೇ ಪರಿಮಳಳ ಮೂರು ವರ್ಷದ ಓದು ನಿಂತಿತ್ತು. ಲ್ಯಾಬಿನ ಮೀನುಗಳಿಗೆ ರೋಗ ತಗುಲಿ, ತೊಟ್ಟಿಗಳನ್ನೆಲ್ಲ ಬರಿದು ಮಾಡಿ ಬೀಗ ಹಾಕಿದ್ದರು. ಬೇರೆ ಕೋಣೆಯಲ್ಲಿದ್ದ ಇವಿಷ್ಟು ಉಳಿದಿದ್ದವು. ಮೂರೂ ಮುದಿ ಮೀನುಗಳು. ಇನ್ನು ಕೆಲವು ವಾರಕ್ಕೆ ಮೊಟ್ಟೆ ನಿಲ್ಲುತ್ತದೆ. ಗೈಡ್ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು: ಹದಿನೆಂಟನೇ ತಾರೀಕು ಕಮಿಟಿ ಕೂರುತ್ತದೆ, ಅಷ್ಟರೊಳಗೆ ಮೂರೂ ಮೀನಿನ ಮೊಟ್ಟೆ ನೋಡಿ ಬರೆದು ತಂದರೆ ಸರಿ, ಇಲ್ಲದಿದ್ದರೆ ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡು.

"ಮೊದಲಿಂದ ಶುರು ಮಾಡಾಕೆ ನಾನೇನು ಮೂರು ವರ್ಷ ಗೋಲಿ ಆಡ್ತಿದ್ನಾ?" ಎಂದು ಪರಿಮಳ ಬಕೆಟ್ಟು ಹೊತ್ತುಕೊಂಡು ಊರಿಗೆ ಬಂದಿದ್ದಳು. ಅವಳ ಹಟ ಅವ್ವನದ್ದೇ. ಅವ್ವನ ಹಟಕ್ಕೆ ಮಾತ್ರ ಊರಿನವರು ಹುಚ್ಚು ಎಂದು ಹೆಸರು ಇಟ್ಟಿದ್ದರು.

ಆ ಮೀನಿಗೆ ಏನಾಗಿದೆ ಎಂದು ಮಾದೇವಮ್ಮ ಕೇಳಿದಳು. ಸೂಲಗಿತ್ತಿ ಮೊದಲು ಕೇಳುವುದು ಅದನ್ನೇ.

"ಮೀನಿಗೇನೂ ಆಗಿಲ್ಲ ಅವ್ವ, ಮೊಟ್ಟೇಲದೆ ಐಬು. ಪ್ರತಿ ಮೊಟ್ಟೆ ಒಳಗೂ ಕಣ್ಣಿಗೆ ಕಾಣದಂಥ ದಾರ ಇರ್ತದೆ. ಆಕ್ಟಿನ್ ಅಂತಾರೆ. ಸಣ್ಣ ಸಣ್ಣ ಚೂರು ಒಂದರ ಇಂದೆ ಒಂದು ಕೂಡ್ಕಂಡು ದಾರ ಆಯ್ತದೆ. ಆ ದಾರ ಎಳೆದ್ರೆ ತಾನೆ ಮರಿ ಮೈ ಮುಚ್ಕಳೋದು. ಯಾವಾಗ ಕೂಡ್ಬೇಕು, ಎಲ್ಲಿ ಕೂಡ್ಬೇಕು ಅಂತ ಯೋಳೋದು ಜೀನು. ಮೇಸ್ತ್ರಿ ಇದ್ದಂಗೆ. ಮೇಸ್ತ್ರಿ ಬರ್ದಿದ್ರೆ?"

"ಆಳುಗಳೆಲ್ಲ ಬಂದು ಒಲದ ಬದಿನ ಮ್ಯಾಲೆ ಕೂತಿರ್ತರೆ," ಅಂದಳು ಮಾದೇವಮ್ಮ. ಕೂಲಿಯವಳಿಗೆ ಅದನ್ನು ಬಿಡಿಸಿ ಹೇಳಬೇಕೆ?

"ಅಷ್ಟೇಯ. ಈ ಮೂರು ಮೀನು ಮೊಟ್ಟೆಗೆ ಎಲ್ಲಾ ಬುತ್ತಿ ಕಟ್ಟಿ ಕಳಿಸ್ತವೆ, ಆ ಒಬ್ಬ ಮೇಸ್ತ್ರಿನ ಮಾತ್ರ ಕಳ್ಸಲ್ಲ. ಅವು ಎಲ್ಲಿಗಂಟ ಮುಚ್ಕತವೆ, ಎಲ್ಲಿ ನಿಂತೋಯ್ತವೆ ಅಂತ ನಾನು ಗಂಟೆ ಗಂಟೆಗೂ ನೋಡ್ಬೇಕು."

ಮುಚ್ಚಿಕೊಳ್ಳದ ಮೈ ಎಂದು ಕೇಳಿದ್ದೇ ಮಾದೇವಮ್ಮನ ಮುಖ ಬಾಡಿತು. ಮಗಳು ಬಕೆಟ್ಟಿನ ಮೇಲೆ ಬಗ್ಗಿದ್ದರಿಂದ ಅದನ್ನು ನೋಡಲಿಲ್ಲ.

ಒಳಕೋಣೆ ಖಾಲಿ ಮಾಡಿ ಐದು ಪ್ಲಾಸ್ಟಿಕ್ ಪೆಟ್ಟಿಗೆ ಸಾಲಾಗಿ ಇಟ್ಟರು. ಒಂದೊಂದರಲ್ಲೂ ಒಂದು ಹೆಣ್ಣು, ಒಂದು ಗಂಡು, ನಡುವೆ ಗಾಜಿನ ತಡೆ, ತಳದಲ್ಲಿ ಜಾಲರಿ. ಜಾಲರಿ ಯಾಕೆಂದರೆ ಈ ಮೀನು ತಾನು ಇಟ್ಟ ಮೊಟ್ಟೆಯನ್ನು ತಾನೇ ತಿಂದುಬಿಡುತ್ತದೆ. "ಥೂ, ಇದರ ಬಾಳಿಗಿಷ್ಟು!" ಎಂದು ಮಾದೇವಮ್ಮ ಮೀನಿಗೆ ಬೈದಳು. ಪೆಟ್ಟಿಗೆಗಳ ಮೇಲೆ ಕವುಚಲು ಒಳಗೆಲ್ಲ ಕಪ್ಪು ಕಾಗದ ಅಂಟಿಸಿದ ದೊಡ್ಡ ರಟ್ಟಿನ ಡಬ್ಬ ತಯಾರಾಯಿತು.

"ಒತ್ತು ಮುಳುಗ್ತಿದ್ದಂಗೆ ಇದನ್ನ ಮುಚ್ಬುಡ್ತೀನಿ. ಬೆಳಿಗ್ಗೆ ನಾನೇ ತೆಗೆದು ಗಾಜು ಎತ್ತೀನಿ. ಅಲ್ಲಿಗಂಟ ಯಾರೂ ಒಳಕ್ಕೆ ಓಗ್ಬ್ಯಾಡಿ."

"ಅಷ್ಟೊತ್ತೂ ಕತ್ಲಲ್ಲಾ?"

"ಊಂ, ಕತ್ಲಲ್ಲೇ. ಬೆಳಗಾಯ್ತಿದ್ದಂಗೆ ಮೊಟ್ಟೆ ಇಕ್ತವೆ."

ಇದೊಂದು ಮಾತು ಮಾದೇವಮ್ಮನಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಸುರಿ ಇರುವ ಕೋಣೆ ಕತ್ತಲಾಗಬಾರದು. ಅವಳ ಅತ್ತೆ ಗುರುಲಿಂಗಮ್ಮ, ಅತ್ತೆಯ ಅತ್ತೆ, ಸೂಲಗಿತ್ತಿಯರೆಲ್ಲ ನಡೆಸಿಕೊಂಡು ಬಂದ ಕಟ್ಟಳೆ ಅದು. ನೋವು ಶುರುವಾದ ಹೊತ್ತಿನಿಂದ ಕೂಸು ಅಳುವವರೆಗೆ ಕೋಣೆಯಲ್ಲಿ ದೀಪ ಉರಿಯುತ್ತಿರಬೇಕು. ಹೆರಿಗೆಗೆ ಕರೆ ಬಂದರೆ ಮಾದೇವಮ್ಮ ಸೆರಗಿಗೆ ಎಣ್ಣೆ ಸೀಸೆ ಗಂಟು ಹಾಕಿಕೊಂಡೇ ಹೊರಡುತ್ತಿದ್ದಳು, ಆ ಮನೆಯಲ್ಲಿ ಕರೆಂಟು ಇರಲಿ ಬಿಡಲಿ. ಜನ ಗೇಲಿ ಮಾಡುತ್ತಿದ್ದರು. ಮಾಡಲಿ. ಅವರ ಮನೆಯಲ್ಲಿ ದೀಪ ಕೆಟ್ಟಿರಲಿಲ್ಲ.

ಕೆಟ್ಟಿದ್ದು ಇವಳ ಮನೆಯಲ್ಲಿ. ಇಪ್ಪತ್ತೆಂಟು ವರ್ಷದ ಹಿಂದೆ ಇವಳ ಚೊಚ್ಚಲು ಹೆರಿಗೆಯ ದಿನ, ಇದೇ ಒಳಕೋಣೆಯಲ್ಲಿ. ನೋವಿನ ನಡುವೆ ಇವಳಿಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ದೀಪ ಆರಿತ್ತು. ಮಲಗುವ ಮುಂಚೆ ಎಣ್ಣೆ ಹೊಯ್ಯಬೇಕಾದವಳು ಇವಳೇ, ಹೊಯ್ದಿರಲಿಲ್ಲ. ಬೆಳಕು ಹರಿಯುವ ಮುಂಚೆ ಗಂಡು ಮಗು ಹುಟ್ಟಿತು. ಕಣ್ಣು ಮೂಗು ಎಲ್ಲ ಚೆಂದ. ಹೊಟ್ಟೆ ಮಾತ್ರ ಮುಚ್ಚಿರಲಿಲ್ಲ, ಒಳಗಿರಬೇಕಾದ ಕರುಳು ಹೊರಗಿತ್ತು. ಅರ್ಧ ದಿನ ಉಸಿರಾಡಿತು. ಅತ್ತೆ ಒಂದೇ ಮಾತು ಹೇಳಿದ್ದು: "ದೀಪ ಕೆಟ್ಟಿತ್ತಲ್ಲ, ಅದ್ಕೇಯ." ಆ ಮುದುಕಿ ಸತ್ತು ಇಪ್ಪತ್ತು ವರ್ಷವಾದರೂ ಆ ಮಾತು ಸಾಯಲಿಲ್ಲ.

ಆಮೇಲೆ ಮಾದೇವಮ್ಮ ಹಟ ಹಿಡಿದು ಅದೇ ಅತ್ತೆಯಿಂದ ಸೂಲಗಿತ್ತಿತನ ಕಲಿತಳು. ದೊಡ್ಡಮಾದನೂ ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡ. ಕೂಲಿ ಬಟವಾಡೆಯಾದ ದಿನ ಮೊದಲು ಎಣ್ಣೆ ತರುವನು, ಆಮೇಲೆ ಅಕ್ಕಿ. ಯಾಕೆಂದು ಇವಳು ಕೇಳಿರಲಿಲ್ಲ. ಕುಡಿದು ಬರುವುದಕ್ಕಿಂತ ಎಣ್ಣೆ ತರುವುದು ಮೇಲಲ್ಲವೇ ಎಂದು ಸುಮ್ಮನಿದ್ದಳು.

ಇಂಥವಳು ಬಸುರಿ ಮೀನನ್ನು ಕತ್ತಲಲ್ಲಿ ಬಿಟ್ಟಾಳೆಯೇ? ಮಗಳು ಡಬ್ಬ ಕವುಚಿ ಜಗಲಿಗೆ ಹೋಗಿ ಬರೆಯುತ್ತ ಕೂತ ಮೇಲೆ ಮಾದೇವಮ್ಮ ಮೆಲ್ಲಗೆ ಒಳಕ್ಕೆ ಹೋಗಿ, ಡಬ್ಬದ ಒಂದು ಬದಿ ಎತ್ತಿ ಇಟ್ಟಿಗೆ ಚೂರು ಕೊಟ್ಟು, ಎದುರಿಗೆ ಹಣತೆ ಇಟ್ಟಳು. "ಎದರ್ಕಬ್ಯಾಡಿ ಕಣ್ರವ್ವ," ಎಂದು ಮೀನುಗಳಿಗೆ ಹೇಳಿ ಬಂದಳು. ನಸುಕಿನಲ್ಲಿ ಮಗಳು ಏಳುವ ಮುಂಚೆ ಹಣತೆ ಎತ್ತಿ, ಇಟ್ಟಿಗೆ ತೆಗೆದು, ಡಬ್ಬವನ್ನು ಇದ್ದಂತೆ ಕವುಚಿದಳು. ಮಗಳಿಗೆ ಹೇಳಲಿಲ್ಲ. ಓದಿದ ಮಕ್ಕಳೊಂದಿಗೆ ವಾದಕ್ಕೆ ಇಳಿಯಬಾರದು, ಕೆಲಸ ಮಾಡಿ ಮುಗಿಸಬೇಕು ಎನ್ನುವುದು ಅವಳ ಪಾಠ.

ಮೊದಲ ದಿನ ಮೊಟ್ಟೆ ಬರಲಿಲ್ಲ. ಬಸ್ಸಿನಲ್ಲಿ ಕುಲುಕಿ ಬಂದಿವೆ, ಸುಧಾರಿಸಿಕೊಳ್ಳಲಿ ಎಂದಳು ಪರಿಮಳ. ಎರಡನೇ ದಿನವೂ ಇಲ್ಲ. ನಲ್ಲಿ ನೀರು ಸರಿಯಿಲ್ಲವೇನೋ ಎಂದು ಒಂದು ಮೈಲಿ ಆಚೆಯ ಬಾವಿಯಿಂದ ಕೊಡ ಕೊಡವಾಗಿ ಹೊತ್ತು ತಂದಳು. ಮೂರನೇ ದಿನ ಗಂಡುಗಳನ್ನು ಅದಲು ಬದಲು ಮಾಡಿದಳು. ನಾಲ್ಕನೇ ದಿನ ಹಳ್ಳದಿಂದ ಸೊಳ್ಳೆಮರಿ ಸೋಸಿ ತಂದು ತಿನ್ನಿಸಿದಳು. ಐದನೇ ದಿನ ಗೈಡ್ ಮೇಷ್ಟ್ರು ಫೋನು ಮಾಡಿ "ಸಾಕು ಬಿಡಮ್ಮ, ಬಂದುಬಿಡು" ಎಂದರು. "ಇಲ್ಲ ಸರ್, ಇನ್ನೂ ಟೈಮಿದೆ" ಎಂದು ಇವಳು ಫೋನಿಟ್ಟಳು. ಇಟ್ಟವಳು ಗೋಡೆಗೆ ಮುಖ ಮಾಡಿ ನಿಂತಳು.

ಮಾದೇವಮ್ಮ ಮಗಳ ಬೆನ್ನು ನೋಡಿದಳು. ಆ ಸಂಜೆ ಒಂದರ ಬದಲು ಎರಡು ಹಣತೆ ಇಟ್ಟಳು.

ಆರನೇ ದಿನವೂ ಪೆಟ್ಟಿಗೆಯ ತಳ ಬರಿದು.

ಅವತ್ತು ಮಾದೇವಮ್ಮ ಪುಟ್ಟನಂಜಮ್ಮನವರ ಹುಳುವಿನ ಮನೆಗೆ ಕೆಲಸಕ್ಕೆ ಹೋಗಿದ್ದಳು. ಪುಟ್ಟನಂಜಮ್ಮನವರದ್ದು ನಾಲ್ಕು ಎಕರೆ ಜಮೀನು, ಅದರಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷಕ್ಕೆ ಐದು ಬೆಳೆ ರೇಷ್ಮೆ. ಹದಿನೈದು ವರ್ಷದಿಂದ ಸೊಪ್ಪು ಕೊಯ್ಯುವುದು, ಹುಳುವಿನ ತಟ್ಟೆ ತೊಳೆಯುವುದು ಎಲ್ಲ ಮಾದೇವಮ್ಮನೇ. ಒಳಗೆ ಕಾಲಿಡುವಾಗಲೇ ಪುಟ್ಟನಂಜಮ್ಮನವರ ಗಂಟಲು ಹೊಲದವರೆಗೆ ಕೇಳುತ್ತಿತ್ತು.

"ಯಾವಳಮ್ಮಿ ಈ ಕಪ್ಪು ಬಟ್ಟೆ ಸರ್ಸಿದ್ದು? ನೋಡಿಲ್ಲಿ!"

ಮೊಟ್ಟೆ ಹಾಳೆಯ ಮೇಲಿನ ಕಪ್ಪು ಬಟ್ಟೆ ಒಂದು ಮೂಲೆಯಲ್ಲಿ ಜರುಗಿತ್ತು. ಆ ಮೂಲೆಯಲ್ಲಿ ಹುಳು ಆಗಲೇ ಒಡೆದು ಹರಿದಾಡುತ್ತಿದ್ದವು. ಉಳಿದ ಕಡೆ ಮೊಟ್ಟೆ ಹಾಗೇ ಇದ್ದವು. ಒಂದೇ ಹಾಳೆಯ ಹುಳು ಹೀಗೆ ಹಿಂದೆ ಮುಂದೆ ಹುಟ್ಟಿದರೆ ಕೊನೆಯವರೆಗೂ ಪಾಡು. ಒಂದು ಪೊರೆ ಬಿಡುವ ಜ್ವರಕ್ಕೆ ಮಲಗಿದಾಗ ಇನ್ನೊಂದು ಸೊಪ್ಪು ಕೇಳುತ್ತದೆ.

"ಬೆಳಕು ತೂರಿದ್ರೆ ಇಂಗೇ ಆಗದು ಅಮ್ಮೋರೆ," ಎಂದಳು ಮಾದೇವಮ್ಮ.

"ನಿಂಗೆ ಗೊತ್ತದೆ, ಆ ಹೊಸ ಆಳ್ಗೆ ಗೊತ್ತಿಲ್ವಲ್ಲ! ಕತ್ಲು ಕೊಡೋ ಟೇಮಲ್ಲಿ ಸರ್ಯಾಗಿ ಕತ್ಲು ಕೊಟ್ರೆ ತಾನೆ, ಬೆಳಕು ಬಂದಾಗ ಅವಕ್ಕೆ ಬೆಳಗಾಯ್ತು ಅಂತ ಗೊತ್ತಾಗದು?"

ಮಾದೇವಮ್ಮ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿಯನ್ನು ಹಾಗೇ ನೆಲಕ್ಕೆ ಇಟ್ಟಳು. ಗೊತ್ತಿಲ್ಲದ್ದೇನಲ್ಲ. ಈ ಹದಿನೈದು ವರ್ಷ ಈ ಬಟ್ಟೆ ಹೊದಿಸಿದವಳೂ ಇವಳೇ, ಬೆಳಿಗ್ಗೆ ತೆಗೆದವಳೂ ಇವಳೇ. ಆದರೆ ಹುಳುವಿನ ಮನೆಯ ಬುದ್ಧಿಯನ್ನು ಹುಳುವಿನ ಮನೆಯಲ್ಲೇ ಬಿಟ್ಟು, ಸೂಲಗಿತ್ತಿಯ ಬುದ್ಧಿಯನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಳು. ಆರು ದಿನದಿಂದ ಆ ಮೀನುಗಳಿಗೆ ರಾತ್ರಿಯೇ ಆಗಿರಲಿಲ್ಲ. ರಾತ್ರಿ ಆಗದೆ ಬೆಳಗಾಗುವುದು ಹೇಗೆ?

"ಯಾಕಮ್ಮಿ, ತಲೆ ಸುತ್ತಾ?" ಎಂದರು ಪುಟ್ಟನಂಜಮ್ಮ.

"ಇಲ್ಲ ಅಮ್ಮೋರೆ. ನಾನೇ ನನ್ ಮಗಳ ಕುತ್ಗೆಗೆ ಬಂದಿದೀನಿ," ಎಂದು ಮಾದೇವಮ್ಮ ಬುಟ್ಟಿ ಎತ್ತಿಕೊಂಡಳು.

ಆ ದಿನವೆಲ್ಲ ಸೊಪ್ಪು ಕೊಯ್ದಳು, ಆದರೆ ಮನಸ್ಸು ಒಳಕೋಣೆಯಲ್ಲಿತ್ತು. ದೀಪ ಇಟ್ಟರೆ ಮಗಳು ಕೆಡುತ್ತಾಳೆ. ದೀಪ ಇಡದಿದ್ದರೆ? ಒಮ್ಮೆ ಇಡದೆ ಏನಾಯಿತೆಂದು ಅವಳಿಗೆ ಗೊತ್ತು, ಅದೂ ಅದೇ ಕೋಣೆಯಲ್ಲಿ. ಹೆದರಿಕೆ ಎಂದರೆ ಹೆದರಿಕೆಯೇ. ನೂರು ಮನೆಯಲ್ಲಿ ಧೈರ್ಯ ಹೇಳಿದ ಹೆಂಗಸು ಕೊಯ್ದ ಸಾಲನ್ನೇ ಮತ್ತೆ ಕೊಯ್ಯಲು ಹೋದಳು.

ಸಂಜೆ ಪರಿಮಳ ಡಬ್ಬ ಕವುಚಿ ಹೊರಗೆ ಹೋದಳು. ಮಾದೇವಮ್ಮ ಹಣತೆ ಹಿಡಿದು ಒಳಕ್ಕೆ ಬಂದಳು. ಕೈಗೆ ಅಭ್ಯಾಸ, ಬರುವಾಗಲೇ ಹಚ್ಚಿಬಿಟ್ಟಿದ್ದಳು. ಡಬ್ಬದ ಮುಂದೆ ಸ್ವಲ್ಪ ಹೊತ್ತು ನಿಂತಳು.

"ಬೆಟ್ಟದ ಮಾದಪ್ಪ, ಕೋಪ ಬಂದ್ರೆ ನನ್ ಮ್ಯಾಲೆ ತೀರಿಸ್ಕೊ. ನನ್ ಮಗೀನ ಮ್ಯಾಲೆ ಬ್ಯಾಡ," ಎಂದು ಎರಡು ಬೆರಳಲ್ಲಿ ಬತ್ತಿ ಹಿಸುಕಿದಳು. ಬೆರಳು ಸುಟ್ಟಿತು. ಡಬ್ಬದ ನಾಲ್ಕೂ ಕಡೆ ತಡಕಿ ಸಂದು ಇಲ್ಲವೆಂದು ನೋಡಿ, ಸಾಲದೆಂದು ಗಂಡನ ಕರಿ ಕಂಬಳಿ ತಂದು ಮೇಲೆ ಹೊದಿಸಿ, ಬಾಗಿಲು ಎಳೆದುಕೊಂಡು ಬಂದಳು.

ಬೆಳಿಗ್ಗೆ ಆರೂವರೆಗೆ ಪರಿಮಳ ಕೂಗಿದ ಕೂಗಿಗೆ ಪಕ್ಕದ ಮನೆ ಪುಟ್ಟಬಸಮ್ಮ ಹಾವು ಬಂತೇನೋ ಎಂದು ದೊಣ್ಣೆ ಹಿಡಿದು ಓಡಿ ಬಂದಳು. ಎರಡು ಸಾಧಾರಣ ಮೀನೂ ಇಟ್ಟಿದ್ದವು, ಐಬಿನ ಮೂರರಲ್ಲಿ ಎರಡು ಇಟ್ಟಿದ್ದವು. ಸಾಸಿವೆ ಕಾಳಿಗಿಂತ ಸಣ್ಣ, ನೀರಿನಷ್ಟೇ ತಿಳಿಯಾದ ಮೊಟ್ಟೆಗಳು. ನೂರಾರು. ಪರಿಮಳ ಅವನ್ನು ಸೋಸಿ ಬಟ್ಟಲುಗಳಿಗೆ ಹಾಕಿ, ಲ್ಯಾಬಿನಿಂದ ತಂದಿದ್ದ ಮೈಕ್ರೋಸ್ಕೋಪಿನ ಮುಂದೆ ಕೂತವಳು ಊಟಕ್ಕೂ ಏಳಲಿಲ್ಲ. ಗಂಟೆಗೊಮ್ಮೆ ನೋಡಿ, ಎಣಿಸಿ, ಚಿತ್ರ ಬರೆದು, ಹತ್ತು ಹತ್ತು ಮೊಟ್ಟೆ ಮದ್ದಿನ ಸೀಸೆಗೆ ಹಾಕುತ್ತಿದ್ದಳು. ಆ ಮದ್ದಿನಲ್ಲಿ ಮೊಟ್ಟೆ ಇದ್ದ ಹಾಗೇ ನಿಲ್ಲುತ್ತದೆಯಂತೆ. ಮೈಸೂರಿಗೆ ಒಯ್ದು ಬಣ್ಣ ಹಾಕಿದರೆ ಒಳಗಿನ ದಾರ ಹೊಳೆಯುತ್ತದೆಯಂತೆ. ಮಾದೇವಮ್ಮ ಕೆಲಸಕ್ಕೆ ಹೋಗದೆ ಮಗಳ ಬಾಯಿಗೆ ಮುದ್ದೆ ತುತ್ತು ಇಡುತ್ತ ಪಕ್ಕದಲ್ಲೇ ಕೂತಳು.

"ಬಾ ಅವ್ವ, ನೋಡು," ಎಂದಳು ಪರಿಮಳ ಹೊತ್ತು ವಾಲುವಾಗ.

ಮೊದಲು ಮಾದೇವಮ್ಮನಿಗೆ ಕಂಡದ್ದು ತನ್ನ ರೆಪ್ಪೆ ಕೂದಲು. ಆಮೇಲೆ ಒಂದು ಹೊಳೆಯುವ ಗುಂಡು. ಗುಂಡಿನ ಮೇಲಿಂದ ತೆಳ್ಳನೆಯ ಪೊರೆಯೊಂದು ಸುತ್ತಲೂ ಇಳಿದು ಬಂದು, ಕೆಳಗೆ ಚಿಕ್ಕದೊಂದು ಬಾಯಿ ಮಾತ್ರ ಉಳಿದಿತ್ತು. ಅವಳು ನೋಡುತ್ತ ನೋಡುತ್ತ, ಕಾಲು ಗಂಟೆಯಲ್ಲಿ ಆ ಬಾಯಿ ಸುತ್ತಲಿಂದ ಕಿರಿದಾಗುತ್ತ ಬಂತು.

"ನನ್ ಎಲಡ್ಕೆ ಸಂಚಿ!" ಎಂದಳು. ಸೊಂಟದಿಂದ ಸಂಚಿ ತೆಗೆದು ದಾರ ಎಳೆದು ತೋರಿಸಿದಳು. ಸಂಚಿಯ ಬಾಯಿ ಮುಚ್ಚಿಕೊಂಡಿತು.

"ಅದೇಯ ಅವ್ವ! ನಮ್ ಲ್ಯಾಬಲ್ಲಿ ಇಂಗೆ ಯಾರೂ ತೋರ್ಸಿರ್ನಿಲ್ಲ," ಎಂದು ಪರಿಮಳ ಬಟ್ಟಲು ಬದಲಿಸಿದಳು. "ಇದು ಐಬಿಂದು."

ಇದರಲ್ಲಿ ಪೊರೆ ಅರ್ಧಕ್ಕೆ ಇಳಿದು ನಿಂತಿತ್ತು. ಬಾಯಿ ಅಗಲವಾಗಿ ತೆರೆದೇ ಇತ್ತು. ನೋಡುತ್ತಿದ್ದಂತೆಯೇ ಒಳಗಿನದು ಉಬ್ಬಿ ಬಂದು ಹೊರಗೆ ಚೆಲ್ಲಿತು. ಮಾದೇವಮ್ಮ ಕಣ್ಣು ತೆಗೆದು ಹಿಂದಕ್ಕೆ ಸರಿದಳು. ಬಾಯಿಗೆ ಸೆರಗು ಹೋಯಿತು.

"ನಿಮ್ಮಣ್ಣ ಇಂಗೇ ಇದ್ದ."

ಅಣ್ಣನೊಬ್ಬ ಹುಟ್ಟಿ ಸತ್ತನೆಂದಷ್ಟೇ ಪರಿಮಳಳಿಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ಕಟ್ಟಿಟ್ಟ ಮಾತನ್ನು ಮಾದೇವಮ್ಮ ಅವತ್ತು ಬಿಚ್ಚಿದಳು. ಜೊಂಪು ಹತ್ತಿದ್ದು, ದೀಪ ಆರಿದ್ದು, ಅತ್ತೆ ಅಂದದ್ದು. ಅದೇ ಬಾಯಲ್ಲಿ ಈ ಆರು ದಿನ ಕದ್ದು ಹಣತೆ ಇಟ್ಟದ್ದನ್ನೂ, ನೆನ್ನೆ ಆರಿಸಿದ್ದನ್ನೂ ಹೇಳಿದಳು.

ಪರಿಮಳಳಿಗೆ ಮೊದಲು ಬಂದದ್ದು ಸಿಟ್ಟು. "ಆರು ದಿನ! ಆ ಬಾವಿ ನೀರು ಒತ್ತು ಒತ್ತು ನನ್ ಎಗಲು ಕಿತ್ತೋಗ್ಯದೆ, ನೀನು ದೀಪ ಇಡ್ತಿದ್ಯಾ?" ಎಂದವಳಿಗೆ ಅವ್ವನ ಬೆರಳ ತುದಿಯ ಬೊಬ್ಬೆ ಕಂಡಿತು. ಆ ಬೆರಳನ್ನು ಹಿಡಿದುಕೊಂಡಳು.

"ಅವ್ವ, ಸುಳ್ಳು ಯೋಳಲ್ಲ. ಮೀನಿಂದು ಬ್ಯಾರೆ, ಮನುಷರ್ದು ಬ್ಯಾರೆ. ಅಣ್ಣನ ಒಟ್ಟೆ ಯಾಕೆ ಮುಚ್ಲಿಲ್ಲ ಅಂತ ನಂಗೊತ್ತಿಲ್ಲ. ಆದ್ರೆ ಒಂದು ಗೊತ್ತು. ಕೂಸಿನ ಒಟ್ಟೆ ಮುಚ್ಚೋದು ಬಸ್ರಾದ ಮೂರನೇ ತಿಂಗ್ಳಲ್ಲಿ. ಮುಚ್ಚಿದ್ರೂ ಆಗಲೇಯ, ಬುಟ್ರೂ ಆಗಲೇಯ. ನೋವು ಬಂದ ದಿನ ದೀಪ ಉರಿದ್ರೇನು, ಕೆಟ್ರೇನು? ಆರು ತಿಂಗ್ಳು ಮುಂಚೆನೇ ಆಗೋಗಿತ್ತು."

ಮಾದೇವಮ್ಮ ಬೆರಳು ಮಡಿಸಿ ತಿಂಗಳು ಎಣಿಸಿದಳು. ಮೂರನೇ ತಿಂಗಳಲ್ಲಿ ಅವಳು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಡು ಹಗಲು, ಮೈಮೇಲೆ ಬಿಸಿಲು. ಆಗ ಯಾವ ದೀಪ, ಯಾವ ಎಣ್ಣೆ? ಇನ್ನೊಂದು ಸಲ ಎಣಿಸಿದಳು. ಅಳು ಬರುತ್ತದೆಂದುಕೊಂಡಿದ್ದಳು, ಬಂದದ್ದು ಕೋಪ.

"ಆ ಮುದ್ಕಿ! ಒಂದ್ ಮಾತಂದು ಓಗ್ಬುಟ್ಲು. ಇಪ್ಪತ್ತೆಂಟು ವರ್ಸ ಒತ್ತೋಳು ನಾನು!" ಎಂದು ಸತ್ತ ಅತ್ತೆಗೆ ಬಾಯಿ ತುಂಬ ಬೈದಳು. ಬೈಯುತ್ತ ಬೈಯುತ್ತಲೇ ಅಳು ಬಂತು, ಮಗಳನ್ನು ತಬ್ಬಿಕೊಂಡಳು. ಪರಿಮಳ ಬಿಡಿಸಿಕೊಳ್ಳದೆ ಅವ್ವನ ತೋಳಿನಲ್ಲಿ ಕೂತಿದ್ದಳು. ಆಮೇಲೆ ಗಡಿಯಾರ ನೋಡಿ "ಅವ್ವ, ಎಣಿಸ್ಬೇಕು," ಎಂದಳು.

"ಎಣಿಸು. ಇನ್ನೊಂದು ಮೀನು?"

"ಅದು ಇನ್ನೂ ಇಕ್ಕಿಲ್ಲ. ಕಮಿಟಿಗೆ ಐದು ದಿನ ಅದೆ."

"ಇಕ್ತದೆ. ಎಲ್ಲಿಗೋದಾತು!"

ಅಂದು ಹೊತ್ತು ಮುಳುಗಿದಾಗ ಡಬ್ಬ ಕವುಚಿದವಳು ಮಾದೇವಮ್ಮನೇ. ಕಂಬಳಿ ಹೊದಿಸಿ, ಹಣತೆಯನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿ, ಹೊಸ್ತಿಲ ಮೇಲೆ ಬಂದು ಕೂತಳು. ಕರೆಂಟು ಹೋಗಿತ್ತು. ದೊಡ್ಡಮಾದ ಕೆಲಸದಿಂದ ಬಂದ, ಕೈಯಲ್ಲಿ ಎಣ್ಣೆ ಸೀಸೆ.

"ಯಾಕೆ ದೀಪ ಅಚ್ಚಿಲ್ಲ?" ಎಂದು ಗಾಬರಿಯಿಂದ ಬೆಂಕಿಪೊಟ್ಟಣ ತಡಕಿದ.

"ಇವತ್ತು ಬ್ಯಾಡ ಬುಡು. ನಮ್ ಕೂಸಿಂದು ಮೂರನೇ ತಿಂಗ್ಳಲ್ಲೇ ಆಗೋಗಿತ್ತಂತೆ. ದೀಪ ಕೆಟ್ಟಿದ್ದಕ್ಕಲ್ವಂತೆ. ನಾನು ಎಣ್ಣೆ ಉಯ್ದಿದ್ರೂ ಅಷ್ಟೇಯ, ಬುಟ್ಟಿದ್ರೂ ಅಷ್ಟೇಯ. ಪರಿಮಳ ಅಂದ್ಲು."

ದೊಡ್ಡಮಾದ ನಿಂತಲ್ಲೇ ನಿಂತ. ತಡಕುವುದನ್ನು ಬಿಟ್ಟ. ಆಮೇಲೆ ಅವನ ದನಿ ಬೇರೆಯವರದ್ದೆಂಬಂತೆ ಬಂತು.

"ನೀನು ಉಯ್ಯಾಕೆ ಸೀಸೇಲಿ ಎಣ್ಣೆನೇ ಇರ್ನಿಲ್ಲ ಕಣ. ತತ್ತೀನಿ ಅಂತ ಓದೋನು ನಾನು ಮರ್ತು ಬಂದಿದ್ದೆ. ತಪ್ಪು ನಿನ್ ಮ್ಯಾಲೆ ಬಂದಾಗ ಬಾಯ್ ಬುಡ್ನಿಲ್ಲ. ಆಮೇಲೂ ಬುಡಾಕಾಗ್ನಿಲ್ಲ."

ಮೊದಲು ಎಣ್ಣೆ, ಆಮೇಲೆ ಅಕ್ಕಿ. ಇಪ್ಪತ್ತೆಂಟು ವರ್ಷ ಅವನು ಎಣ್ಣೆ ಹೊತ್ತು ತಂದದ್ದು ಯಾಕೆಂದು ಮಾದೇವಮ್ಮನಿಗೆ ಈಗ ತಿಳಿಯಿತು. ಅವಳು ಹೊಸ್ತಿಲ ಮೇಲೆ ಸರಿದು ಜಾಗ ಮಾಡಿದಳು.

"ಆ ಸೀಸೆ ಅಲ್ಲಿಟ್ಟು ಬಾ, ಕೂತ್ಕೊ," ಎಂದಳು. "ಒಳ್ಗೆ ಅದೊಂದು ಇನ್ನೂ ಇಕ್ಬೇಕು. ಬೆಳಗಾಗ್ಲಿ."

ಅವನು ಬಂದು ಪಕ್ಕದಲ್ಲಿ ಕೂತ. ಇಬ್ಬರೂ ದೀಪ ಹಚ್ಚಲಿಲ್ಲ.